ಮಗನ ಬಾಂಗಿಗೆ ಬಿಟ್ಟ ರೋಜಾ

ಹೋದ ವಾರ ಪಕ್ಕದ ಮನೆಯ ಸುಜಾತಾ ಪುಂಡಿಪಲ್ಯ ಮಾಡಿದ್ದಳು. ಜೇವರ್ಗಿಯ ನಮ್ಮ ಓಣಿಯಲ್ಲಿ ಎರಡೆರಡು ಮನೆಗೆ ಒಂದೇ ಗೋಡೆ. ಅವಳ ಒಲೆಯ ಮೇಲೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ನಮ್ಮ ಮನೆಯಲ್ಲಿ ಸೀನು ಬರುತ್ತದೆ. ಪುಂಡಿಯ ಹುಳಿ ವಾಸನೆ ಗೋಡೆ ದಾಟಿ ಬಂದದ್ದೇ ತಡ, ಕಟ್ಟೆಯ ಮೇಲೆ ಕೂತಿದ್ದ ಅಮ್ಮ ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಬಟ್ಟಲು ಹಿಡಿದು ಬಂದ ಸುಜಾತಾ ನನ್ನ ಮುಖ ನೋಡಿ ಅಲ್ಲೇ ನಿಂತಳು. “ಅಯ್ಯ, ನೆನಪೇ ಆಗ್ಲಿಲ್ಲ ನೋಡ್ರಿ ಟೀಚರ್,” ಎಂದಳು. ನಾನು ಬಟ್ಟಲು ಇಸಿದುಕೊಂಡೆ. ಪಲ್ಯ ಚೆನ್ನಾಗಿತ್ತು. ತಿನ್ನುತ್ತಾ ಅತ್ತೆ.

ಪುಂಡಿ ಅಂದರೆ ನಮಗೆ ಸೊಪ್ಪು. ಬೇಳೆ, ಜೋಳದ ನುಚ್ಚು ಹಾಕಿ ಕುದಿಸಿ ರೊಟ್ಟಿಗೆ ಹಚ್ಚಿಕೊಳ್ಳುವುದು. ಸೂಡಾನ್ ದೇಶದಲ್ಲಿ ಅದರ ಕೆಂಪು ಹೂವನ್ನು ಒಣಗಿಸಿ ನೀರಲ್ಲಿ ನೆನೆಹಾಕಿ ಶರಬತ್ತು ಮಾಡುತ್ತಾರೆ, ರಂಜಾನಿನಲ್ಲಿ ಅದಿಲ್ಲದೆ ಅವರು ಸಂಜೆ ರೋಜಾ ಬಿಟ್ಟು ಉಣ್ಣುವುದೇ ಇಲ್ಲ ಎಂದು ಮೊದಲು ಹೇಳಿದವನು ನನ್ನ ತಮ್ಮ ಮೈನು. ಫೋನಿನಲ್ಲಿ ಆ ಕೆಂಪು ಗ್ಲಾಸು ತೋರಿಸಿದ್ದ. ಅಮ್ಮ ನಕ್ಕು, “ಪುಂಡಿ ಹೂ ಕುಡಿಯೋ ಮಂದಿ ಕೆಟ್ಟವ್ರು ಇರಂಗಿಲ್ಲ ಬಿಡು,” ಎಂದಿದ್ದಳು. ಅಷ್ಟರ ಮೇಲೆ ಅವಳು ಆ ದೇಶವನ್ನು ನಂಬಿಬಿಟ್ಟಳು.

ಮೈನು ಸಕ್ಕರೆ ಕಾರ್ಖಾನೆಯವನು. ನಮ್ಮಪ್ಪನೂ ಅದೇ. ಅಫಜಲಪುರ ತಾಲೂಕಿನ ಕರಜಗಿಯಲ್ಲಿ ನಾವು ಹುಟ್ಟಿ ಬೆಳೆದದ್ದು. ಸುತ್ತ ಕಬ್ಬು, ಮೂಗಿಗೆ ಯಾವಾಗಲೂ ಕಾಕಂಬಿಯ ವಾಸನೆ. ಕುದಿಯುವ ರಸ ಹರಳುಗಟ್ಟುವ ಹೊತ್ತು ನೋಡಿಕೊಂಡು ಪ್ಯಾನ್ ಎಂಬ ದೊಡ್ಡ ಕಡಾಯಿಯ ಮುಂದೆ ನಿಲ್ಲುವುದು ಅವನ ಕೆಲಸವಾಗಿತ್ತು. ಆ ಗದ್ದಲದಲ್ಲಿ ಒಬ್ಬರಿಗೊಬ್ಬರು ಕೂಗಿಯೇ ಮಾತಾಡಬೇಕು. ಹಾಗಾಗಿ ನಮ್ಮ ಮನೆಯ ಗಂಡಸರಿಗೆ ಮೆಲ್ಲಗೆ ಮಾತಾಡುವುದು ಗೊತ್ತೇ ಇಲ್ಲ. ಮೈನು ಉಪ್ಪು ಕೇಳಿದರೂ ಓಣಿಗೆಲ್ಲ ಕೇಳಿಸುತ್ತಿತ್ತು. ಅವನು ಚಿಕ್ಕವನಿದ್ದಾಗ ಕರಜಗಿಯ ಮಸೀದಿಯಲ್ಲಿ ಮೈಕು ಕೆಟ್ಟರೆ ಅವನನ್ನೇ ಬಾಂಗ್ ಕೊಡಲು ಕರೆಯುತ್ತಿದ್ದರು. ಅಮ್ಮ ಅಡುಗೆ ಮನೆಯಿಂದಲೇ, “ನಮಾಜಿಗೆ ಕರಿಯಾಕತ್ತಾನೋ ಹೊಳಿ ಆಚೀ ದಂಡಿ ಎಮ್ಮಿಗೆ ಕರಿಯಾಕತ್ತಾನೋ,” ಎಂದು ಗೊಣಗುತ್ತಿದ್ದಳು. ಗೊಣಗುತ್ತಲೇ ತಲೆಯ ಮೇಲೆ ಸೆರಗು ಹೊದ್ದುಕೊಳ್ಳುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಜೇವರ್ಗಿಗೆ ನನ್ನ ಜೊತೆ ಇರಲು ಬಂದಳು. ನಾನು ಇಲ್ಲಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನನ್ನ ಗಂಡ ಬಸ್ಸಿನ ಡ್ರೈವರ್, ಮನೆಯಲ್ಲಿದ್ದದ್ದಕ್ಕಿಂತ ರಸ್ತೆಯ ಮೇಲೆ ಇದ್ದದ್ದೇ ಹೆಚ್ಚು. ನಮ್ಮ ಕಡೆಯ ಸಕ್ಕರೆ ಕೆಲಸ ಬಲ್ಲವರನ್ನು ಆಫ್ರಿಕಾದ ಕಾರ್ಖಾನೆಗಳು ಕರೆಸಿಕೊಳ್ಳುತ್ತವೆ; ಮೈನು ಹಾಗೆ ಸೂಡಾನಿಗೆ ಹೋದ. ಅಲ್ಲೂ ಒಂದು ದೊಡ್ಡ ಹೊಳೆ, ಹೊಳೆಯ ದಂಡೆಗೆ ಕಬ್ಬು. “ಕರಜಗಿನೇ ಅದ ಅಕ್ಕಾ, ಬರೇ ಒಂಟಿ ಹೆಚ್ಚಿಗಿ ಅದಾವ,” ಎಂದಿದ್ದ.

ನಾನು ಹೇಳಹೊರಟಿರುವುದು ಆ ಒಂದು ಬೇಸಿಗೆಯ ಮಾತು. ರಂಜಾನ್ ಕೆಟ್ಟ ಬಿಸಿಲಿನಲ್ಲಿ ಬಂದಿತ್ತು. ಮಧ್ಯಾಹ್ನ ಹೈವೇಯ ಮೇಲೆ ಲಾರಿಗಳು ಹೋದರೆ ಡಾಂಬರು ಟೈರಿಗೆ ಅಂಟಿಕೊಂಡ ಸದ್ದು ಕೇಳುತ್ತಿತ್ತು. ನಾನು ಉತ್ತರಪತ್ರಿಕೆ ತಿದ್ದಿ ಮನೆಗೆ ಬಂದರೆ ಅಮ್ಮ ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟಿ ಅದರ ಕೆಳಗೆ ಮಲಗಿ ತಸಬಿಯ ಮಣಿ ಎಣಿಸುತ್ತಿದ್ದಳು. ಅವಳಿಗೆ ಖುಷಿಯ ರಂಜಾನ್ ಅದು. ಕಾರ್ಖಾನೆಯ ಹಂಗಾಮು ಮುಗಿದಿತ್ತು, ಮೈನು ಈದಿಗೆ ಬರುವವನಿದ್ದ, ಟಿಕೀಟು ಆಗಿತ್ತು. ಅಫಜಲಪುರದಲ್ಲಿ ಒಂದು ಹೆಣ್ಣು ನೋಡಿ ಇಟ್ಟಿದ್ದೆವು. ಈದ್ ಮುಗಿದ ಮೇಲೆ ಹೋಗಿ ಸಕ್ಕರೆ ತಿಂದು ಮಾತು ಗಟ್ಟಿ ಮಾಡಿಕೊಂಡು ಬರುವುದಿತ್ತು. “ಸಕ್ಕರಿ ಮಾಡಾವಗೇ ಸಕ್ಕರಿ ತಿನಸ್ಬೇಕು,” ಎಂದು ಅಮ್ಮ ಸಿಕ್ಕ ಸಿಕ್ಕವರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ವಿಮಾನ ಹಿಡಿಯುವುದಕ್ಕೆ ಮೈನು ಕಾರ್ಖಾನೆಯಿಂದ ಓಂದುರ್ಮಾನ್ ಎಂಬ ಊರಿಗೆ ಬಂದು ಒಂದು ಕೋಣೆಯಲ್ಲಿ ಇಳಿದುಕೊಂಡಿದ್ದ. ರಾಜಧಾನಿಯ ಪಕ್ಕದ್ದೇ ಊರು, ನಡುವೆ ಹೊಳೆ ಮತ್ತು ಸೇತುವೆ. ನಾನು ಓಂದುರ್ಮಾನ್ ನೋಡಿಲ್ಲ, ಕೇಳಿದ್ದೇನೆ. ಅವನ ಕೋಣೆಗೆ ಒತ್ತಿಕೊಂಡೇ ಒಂದು ಸಣ್ಣ ಮಸೀದಿ. ಅವನು ಫೋನು ಮಾಡಿದಾಗ ಬಾಂಗಿನ ಹೊತ್ತಾದರೆ ಊರೆಲ್ಲ ಒಟ್ಟಿಗೆ ಕೂಗುತ್ತಿತ್ತು. ಒಂದು ಮಸೀದಿ ಶುರುಮಾಡಿದರೆ ಇನ್ನೊಂದು ನಡುವೆ ಹಿಡಿಯುವುದು, ಮತ್ತೊಂದು ತಡವಾಗಿ ಓಡಿಬಂದು ಸೇರುವುದು. ಬೆಳಗ್ಗೆ ಮಕ್ಕಳು ಮರದ ಹಲಗೆ ಹಿಡಿದು ಕೂತು ಕುರಾನ್ ಬಾಯಿಪಾಠ ಮಾಡುವ ಗುಂಯ್ ಸದ್ದು. ಶುಕ್ರವಾರ ಸಂಜೆ ದರ್ಗಾದ ಅಂಗಳದಲ್ಲಿ ಫಕೀರರ ನಗಾರಿ. ಭಾನುವಾರ ಎಲ್ಲೋ ದೂರದಲ್ಲಿ ಚರ್ಚಿನ ಗಂಟೆ. ಬೆಳಗಿನ ಜಾವದ ಸೆಹರಿ ಊಟಕ್ಕೆ ಎಬ್ಬಿಸಲು ಡೋಲು ಹೊಡೆದುಕೊಂಡು ಹೋಗುವವನೊಬ್ಬ. ನಮ್ಮ ಕರಜಗಿಯಲ್ಲೂ ದಫ್ ಬಾರಿಸಿಕೊಂಡು ಫಕೀರ ಬರುತ್ತಿದ್ದನಾದ್ದರಿಂದ ಅಮ್ಮ ಆ ಡೋಲಿಗೆ ಬಹಳ ಸೋತಳು. “ಇನ್ನೊಮ್ಮೆ ಕೇಳಸೋ,” ಎಂದು ಕಾಡುತ್ತಿದ್ದಳು.

ರಂಜಾನಿನ ಕೊನೆಯ ವಾರ ಸುರುವಾಗುವ ಹೊತ್ತಿಗೆ ಅಲ್ಲಿ ಯುದ್ಧ ಬಿತ್ತು. ಎರಡು ಫೌಜುಗಳು ಊರೊಳಗೇ ಒಂದರ ಮೇಲೊಂದು ಬಿದ್ದವು. ಮೊದಲ ದಿನವೇ ವಿಮಾನ ನಿಲ್ದಾಣಕ್ಕೆ ಬೆಂಕಿ. ನಾನು ಟಿವಿಯಲ್ಲಿ ನೋಡಿ ತಕ್ಷಣ ಬಂದ್ ಮಾಡಿದೆ, ಆದರೆ ಅಮ್ಮ ನೋಡಿಯಾಗಿತ್ತು. ದಿನವಿಡೀ ಫೋನು ಹತ್ತಲಿಲ್ಲ. ಸಂಜೆ ನಮ್ಮ ಮಸೀದಿಯಲ್ಲಿ ಬಾಂಗ್ ಆಯಿತು. ಅಮ್ಮ ಒಂದು ಗುಟುಕು ನೀರು ಕುಡಿದು ರೋಜಾ ಬಿಟ್ಟಳು, ತಟ್ಟೆಗೆ ಕೈ ಹಚ್ಚಲಿಲ್ಲ. ನಮ್ಮ ಓಣಿಯೆಲ್ಲ ಉಂಡು ಮುಗಿಸಿದ ಮೇಲೆ ಮೈನುವಿನ ಫೋನು ಬಂತು. ಅಲ್ಲಿ ಹೊತ್ತು ಮುಳುಗುವುದು ನಮಗಿಂತ ಬಹಳ ತಡ. “ಅಮ್ಮಾ, ಅರಾಮ ಅದೇನಿ, ಹೆದರಬ್ಯಾಡ,” ಎನ್ನುತ್ತಿರುವಾಗಲೇ ಅವನ ಹಿಂದೆ ಬಾಂಗ್ ಶುರುವಾಯಿತು, ಬಾಂಗಿನ ಹಿಂದೆ ಢಂ ಢಂ ಎಂದು ಏನೋ. “ಬಾಂಗ್ ಆತು, ಖಜೂರ ತಿಂತೇನಿ. ನೀನೂ ತಿನ್ನು ಅಮ್ಮಾ.” ಅಮ್ಮ ಫೋನು ಕಿವಿಗೆ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಖಜೂರ ಎತ್ತಿ ಬಾಯಿಗಿಟ್ಟುಕೊಂಡಳು. ತಾಯಿ ಮಗ ಇಬ್ಬರೂ ಅಗಿಯುವ ಸದ್ದು ನನಗೆ ಕೇಳಿಸುತ್ತಿತ್ತು.

ಅಲ್ಲಿಂದ ಅದೇ ಪದ್ಧತಿಯಾಯಿತು. ನಮ್ಮ ಬಾಂಗಿಗೆ ಒಂದು ಗುಟುಕು ನೀರು. ಊಟ ಮಾತ್ರ ಓಂದುರ್ಮಾನಿನ ಬಾಂಗಿಗೆ. ಫೋನು ಹತ್ತದಿದ್ದರೆ ಅವನು ಬಾಂಗನ್ನು ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸುತ್ತಿದ್ದ. ನೆಟ್‌ವರ್ಕ್ ಸಿಕ್ಕಾಗ ಬಂದು ಬೀಳುತ್ತಿತ್ತು. ಅಮ್ಮನಿಗೆ ಬಿ.ಪಿ. ಇತ್ತು. ಸುಜಾತಾ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು, ದಿನಾ ಬಂದು ನೋಡಿ ಬೈಯುತ್ತಿದ್ದಳು. ಕೊನೆಗೆ ನಾನೇ ಹೋಗಿ ಮಸೀದಿಯ ಮುಲ್ಲಾ ಸಾಬರನ್ನು ಕರೆತಂದೆ. ಅವರು ಬಾಗಿಲಲ್ಲೇ ನಿಂತು ಅಮ್ಮನಿಗೆ ಬಹಳ ಸಮಾಧಾನದಿಂದ ಹೇಳಿದರು.

“ನೋಡ್ರಿ ಖಾಜಾಬಿ, ಪರದೇಶದ ಬಾಂಗಿಗೆ ಇಲ್ಲಿ ರೋಜಾ ಬಿಡೂದು ಎಲ್ಲಿಯೂ ಇಲ್ರಿ. ಹೊತ್ತು ಮುಳುಗಿದ ಮ್ಯಾಲ ರೋಜಾ ಮುಗೀತು. ಆಮ್ಯಾಲ ನೀವು ಇರೂದು ಬರೇ ಉಪಾಸ.”

ನಮ್ಮ ಮನೆಯ ಮಾತು ಅರ್ಧ ದಖನಿ ಉರ್ದು, ಅರ್ಧ ಕನ್ನಡ. ಸಿಟ್ಟು ಬಂದಾಗ ಮಾತ್ರ ಅಮ್ಮನದು ಪೂರಾ ಕನ್ನಡ. ಅವಳು ಸರಸಂಬಾದ ರೈತರ ಮಗಳು. “ಹೌದ್ರಿ, ಅಲ್ಲಾಹನ ರೋಜಾ ನಿಮ್ಮ ಬಾಂಗಿಗೇ ಬಿಡ್ತೇನಿ. ದಿನಾ ನೀರು ಕುಡೀತೇನಿ, ಕೇಳ್ರಿ ಬೇಕಾದ್ರ ಇಕಿನ್ನ. ನನ್ನ ರೋಜಾ ನನ್ನ ಮಗನ ಬಾಂಗಿಗೆ. ಅದರಾಗ ನಿಮ್ದೇನದ?”

ಮುಲ್ಲಾ ಸಾಬ್ ಗಡ್ಡ ನೀವಿಕೊಂಡರು. “ನಂದೇನಿಲ್ರಿ,” ಎಂದು ಹೊರಟುಹೋದರು. ಮರುದಿನದಿಂದ ಅವರ ಮನೆಯಿಂದ ನಮಗೆ ತಡವಾಗಿ ಒಂದು ಬಟ್ಟಲು ಗಂಜಿ ಬರಹತ್ತಿತು.

ಈದಿನ ದಿನ ಹಾಲು ಶಾವಿಗೆಯ ಸುರಕುಂಬಾ ಮಾಡಿದೆವು. ಅಲ್ಲಿಂದ ಫೋನಿಗೆ ಈದಿನ ತಕಬೀರ್ ಬಂತು, ದೇವರು ದೊಡ್ಡವನೆಂದು ಗಂಡಸರೆಲ್ಲ ಒಟ್ಟಿಗೆ ಹೇಳುವುದು, ನಡುವೆ ವಿಮಾನ ಹಾದುಹೋದ ಸದ್ದು, ಆಮೇಲೆ ಎಲ್ಲರೂ ಒಮ್ಮೆಲೇ ಸುಮ್ಮನಾದದ್ದು, ಮತ್ತೆ ಯಾರೋ ಒಬ್ಬ ಮೊದಲಿಂದ ಎತ್ತಿಕೊಂಡದ್ದು. ಅಮ್ಮ ಅದನ್ನು ಎಷ್ಟು ಸಲ ಕೇಳಿದಳೋ ಗೊತ್ತಿಲ್ಲ. ಬಂದವರಿಗೆಲ್ಲ ಸುರಕುಂಬಾದ ಜೊತೆ ಅದನ್ನೂ ಬಡಿಸಿದಳು. ಬಂದವರು ಬಟ್ಟಲು ನೋಡುತ್ತಾ ಕೂತರು. ನನಗೆ ನಾಚಿಕೆಯೂ ಸಂಕಟವೂ ಆಯಿತು.

ರಂಜಾನ್ ಮುಗಿದರೂ ಅಮ್ಮನ ರೋಜಾ ಮುಗಿಯಲಿಲ್ಲ. ಈದಿನ ನಂತರದ ಆರು ರೋಜಾ ಹೇಗೂ ಅವಳು ಹಿಡಿಯುವವಳೇ. ಅದು ಮುಗಿದ ಮೇಲೆ ಮಗ ಮನೆ ಸೇರುವ ತನಕ ಹಿಡಿಯುತ್ತೇನೆಂದು ಹರಕೆ ಹೊತ್ತಳು. ನಾನು ಕೂಗಾಡಿದೆ, ಅತ್ತೆ, ಮೂರು ಸಲ ಅಡುಗೆ ಮಾಡಿ ಚೆಲ್ಲಿದೆ. ಅವಳು ಹರಕೆ ಬಿಡಲಿಲ್ಲ. ಸುಜಾತಾ ಮಾತ್ರ ಒಂದು ಮಾತು ಗೆದ್ದಳು: ಸಂಜೆಯ ನೀರಿನ ಗುಟುಕಿಗೆ ಅರ್ಧ ಲೋಟ ಹಾಲೂ ಸೇರಿತು. “ಹಾಲು ಊಟ ಅಲ್ರಿ ಅಮ್ಮಾ, ಔಷಧಿ. ನಾ ನರ್ಸ್ ಅದೇನಿ, ನನಗ ಗೊತ್ತದ,” ಎಂದು ಸುಳ್ಳು ಹೇಳಿದಳು.

ಅಷ್ಟರಲ್ಲಿ ಓಂದುರ್ಮಾನಿನಲ್ಲಿ ಲೈಟು ಹೋಗಿ ಮಸೀದಿಯ ಮೈಕು ಸತ್ತಿತ್ತು. ಆ ಸಣ್ಣ ಮಸೀದಿಯಲ್ಲಿ ಬಾಂಗ್ ಕೊಡುತ್ತಿದ್ದವರು ಹಾಜ್ ಇದ್ರೀಸ್ ಎಂಬ ಮುದುಕರು. ಮೊದಲ ವಾರದಲ್ಲಿ ಬಂದೂಕಿನವರು ಮನೆಮನೆ ಹೊಕ್ಕು ಪರದೇಶದವರನ್ನು ಹಿಡಿದು ಸುಲಿಯುತ್ತಿದ್ದಾಗ ಮೈನುವನ್ನು ತಮ್ಮ ಮನೆಯ ಒಳಕೋಣೆಯಲ್ಲಿ ಅಡಗಿಸಿ, ತಾವು ಬಾಗಿಲಿಗೆ ಅಡ್ಡ ಕೂತು ತಸಬಿ ಎಣಿಸಿದ್ದವರು ಅವರೇ. ಹೆಂಡತಿ ಇಲ್ಲ, ಮಕ್ಕಳು ಚದುರಿಹೋಗಿದ್ದರು. ಆಮೇಲೆ ಒಂದು ದಿನ ಅಂಗಳಕ್ಕೆ ಶೆಲ್ ಬಿದ್ದು ಅದರ ಚೂರು ಅವರ ಕಾಲು ಹೊಕ್ಕಿತು. ಅವರಿಂದ ಮೆಟ್ಟಿಲು ಹತ್ತಲು ಆಗದು, ಮೈಕು ಇಲ್ಲದೆ ಅವರ ದನಿ ಓಣಿಗೂ ಕೇಳದು. ಕರಜಗಿಯ ಎಮ್ಮೆ ಕರೆಯುವ ಗಂಟಲು ಅಲ್ಲಿ ಕೆಲಸಕ್ಕೆ ಬಂತು. ಮೈನು ಮಾಳಿಗೆ ಹತ್ತಿ ಬಾಂಗ್ ಕೊಡಹತ್ತಿದ.

ಮೊದಲ ಸಲ ಅವನ ಸ್ವಂತ ಬಾಂಗ್ ಫೋನಿನಲ್ಲಿ ಬಂದಾಗ ಅಮ್ಮ ಗದ್ದಕ್ಕೆ ಕೈಹಚ್ಚಿ ಕೂತು ಕೇಳಿದಳು. “ಇನ್ನೂ ಹಂಗೇ ಎಳೀತಾನ ನೋಡು, ಕಡೀಕ ಉಸಿರು ಸಾಲಂಗಿಲ್ಲ ಅವಗ,” ಎಂದು ತಪ್ಪು ತೆಗೆದಳು. ಕಣ್ಣು ತುಂಬಿದ್ದವು.

ನಾನು ಬೇರೊಂದು ಕೇಳುತ್ತಿದ್ದೆ. ಮೊದಲು ಅವನ ಬಾಂಗಿನ ಹಿಂದೆ ಊರಿನ ಬಾಂಗುಗಳೆಲ್ಲ ಇರುತ್ತಿದ್ದವು. ವಾರ ಕಳೆದಂತೆ ಅವು ಒಂದೊಂದಾಗಿ ಕಡಿಮೆಯಾದವು. ತಡವಾಗಿ ಓಡಿಬಂದು ಸೇರುತ್ತಿದ್ದದ್ದು ಮೊದಲು ನಿಂತಿತು. ಹಲಗೆ ಹಿಡಿದ ಮಕ್ಕಳ ಗುಂಯ್ ಸದ್ದು ಯಾವಾಗಲೋ ಹೋಗಿತ್ತು. ನಗಾರಿ ನಿಂತಿತ್ತು. ಒಂದು ಭಾನುವಾರ ಅಮ್ಮನೇ ಕೇಳಿದಳು, “ಗಂಟಿ ಹೊಡಿಯಾಂವ ಎಲ್ಲಿ ಹ್ವಾದ ಬೇ?” ಕೊನೆಕೊನೆಗೆ ಮೈನುವಿನದೊಂದೇ ದನಿ, ಸುತ್ತ ಗಾಳಿ, ನಾಯಿ, ದೂರದ ಗುಂಡು. ಅಷ್ಟು ದೊಡ್ಡ ಊರು ಅಷ್ಟು ಸುಮ್ಮನಾದದ್ದನ್ನು ಕೇಳಿ ನನಗೆ ಗುಂಡಿನ ಸದ್ದಿಗಿಂತ ಹೆಚ್ಚು ಭಯವಾಯಿತು.

ಅದೇ ಹೊತ್ತಿಗೆ ನಮ್ಮ ಜೇವರ್ಗಿಯ ಸದ್ದುಗಳು ಅಮ್ಮನಿಗೆ ಬೇಕಾಗಹತ್ತಿದವು. ಬೆಳಗ್ಗೆ ಗುಡಿಯ ಸ್ಪೀಕರಿನಲ್ಲಿ ಹಾಡು ತಡವಾದರೆ, “ಯಾಕ, ಇವತ್ತ ಪೂಜಾರಿ ಎದ್ದಿಲ್ಲೇನು?” ಎಂದು ಚಡಪಡಿಸುವಳು. ಸುಜಾತಾಳ ಮನೆಯವರು ಬೌದ್ಧರು. ಬೆಳಗಿನಲ್ಲಿ ಅವಳು ಬುದ್ಧವಂದನೆ ಹೇಳುವುದು ಗೋಡೆಯಾಚೆಯಿಂದ ಕೇಳುತ್ತದೆ. ಅಮ್ಮ ಮಲಗಿರಬಹುದೆಂದು ಅವಳು ದನಿ ತಗ್ಗಿಸಿದ್ದಳು. ಅಮ್ಮ ಗೋಡೆ ಬಡಿದು, “ಜೋರಾಗಿ ಹೇಳು ಬೇ, ಕೇಳಸವಲ್ದು,” ಎಂದು ಕೂಗಿದಳು. ಯಾವ ಮನೆಯ ದೇವರಾದರೂ ಸರಿ, ಸದ್ದು ನಿಲ್ಲಬಾರದು ಅವಳಿಗೆ. ಮದುವೆಯ ಪಟಾಕಿ ಹೊಡೆದರೆ ಮಾತ್ರ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದಳು.

ನಮ್ಮ ಸರ್ಕಾರದವರು ಅಲ್ಲಿದ್ದವರನ್ನು ಕರೆತರಲು ಬಸ್ಸು ಮಾಡಿದ್ದರು. ಸಮುದ್ರದವರೆಗೆ ಬಸ್ಸು, ಅಲ್ಲಿಂದ ಹಡಗು. ಮೊದಲ ಬಸ್ಸುಗಳು ಹೊಳೆಯ ಆಚೆ ದಂಡೆಯಿಂದ ಹೊರಟವು. ಸೇತುವೆಯ ಮೇಲೆ ಗುಂಡು, ಮೈನುವಿಗೆ ದಾಟಲಾಗಲಿಲ್ಲ. ಕೊನೆಯ ಬಸ್ಸೊಂದು ಅವನ ದಂಡೆಗೇ ಬರುತ್ತದೆಂದು ಸುದ್ದಿ ಬಂತು. ಪಟ್ಟಿಗೆ ಅವನ ಹೆಸರೂ ಹಚ್ಚಿಯಾಗಿತ್ತು. ನಾನು ಅಮ್ಮನನ್ನು ತಬ್ಬಿಕೊಂಡು ಕುಣಿದೆ. ಸಂಜೆ ಅವನ ಫೋನು ಬಂತು, ದನಿ ಸಣ್ಣದಾಗಿತ್ತು. ಮೈನುವಿನ ದನಿ ಸಣ್ಣದಾದದ್ದು ನಾನು ಅದೇ ಮೊದಲು ಕೇಳಿದ್ದು.

“ಅಕ್ಕಾ, ಹಾಜ್‌ಗ ಜ್ವರ ಬಂದಾವ. ಕಾಲು ಬಾತದ. ನಾ ಬಿಟ್ಟು ಬಂದ್ರ ನೀರು ಕೊಡಾವ್ರೂ ಇಲ್ಲ.”

“ಅಲ್ಲಿ ಓಣ್ಯಾಗ ಮಂದಿ ಇಲ್ಲೇನು? ಅವ್ರು ನೋಡ್ಕೋತಾರ. ನೀ ಬಸ್ ಹತ್ತು.”

“ಓಣ್ಯಾಗ ಈಗ ಬರೇ ಹೆಂಗಸ್ರು, ಮುದುಕ್ರು. ಬಾಂಗ್ ಕೇಳಿದ್ರಷ್ಟ ಅವ್ರು ಹೊರಗ ಬರ್ತಾರ ಅಕ್ಕಾ. ನಾ ಮಾಳಿಗಿ ಮ್ಯಾಲಿಂದ ಸುತ್ತ ನೋಡಿ, ಬಂದೂಕಿನವ್ರು ಯಾರೂ ಇಲ್ಲ ಅಂದ್ರ ಬಾಂಗ್ ಕೊಡ್ತೇನಿ. ಬಾಂಗ್ ಆದ್ರ ಬಾವಿಗಿ ಹೋಗಿ ನೀರು ತರ್ತಾರ. ಆಗ್ಲಿಲ್ಲಂದ್ರ ಒಳಗೇ ಇರ್ತಾರ.”

“ನಿನಗೇನು ಅಲ್ಲಿ ಬಾಂಗ್ ಕೊಡೋ ನೌಕರಿ ಕೊಟ್ಟಾರೇನಲೇ? ಇಲ್ಲಿ ತಾಯಿ ಉಪಾಸ ಬಿದ್ದಾಳ! ನೀ ಬರ್ಲಿಲ್ಲಂದ್ರ ಆಕಿ ಸಾಯ್ತಾಳ, ತಿಳೀತಿಲ್ಲೋ?”

“ಅಮ್ಮಗ ಕೊಡು,” ಎಂದ ಅವನು.

ನಾನು ಫೋನಿನ ಸ್ಪೀಕರು ಹಚ್ಚಿ ಅಮ್ಮನ ಮುಂದಿಟ್ಟೆ. ನನಗೆ ಧೈರ್ಯವಿತ್ತು. ಯಾವ ತಾಯಿ ಬೇರೆ ಮಾತಾಡುತ್ತಾಳೆ? ಮೈನು ಎಲ್ಲವನ್ನೂ ಮತ್ತೊಮ್ಮೆ ಹೇಳಿದ, ಮುದುಕನ ಜ್ವರ, ಬಾವಿ, ಬಾಂಗು. ಕೊನೆಗೆ, “ನೀ ಬಾ ಅಂದ್ರ ಬರ್ತೇನಿ ಅಮ್ಮಾ. ಈಗೇ ಹೋಗಿ ಬಸ್ಸಿನ್ಯಾಗ ಕುಂಡ್ರತೇನಿ,” ಎಂದ.

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಹೈವೇಯಲ್ಲಿ ಲಾರಿಯೊಂದು ಹಾರ್ನ್ ಹೊಡೆದುಕೊಂಡು ಹೋಯಿತು. “ಆ ಮುದುಕ ಬಾಗಿಲಿಗಿ ಅಡ್ಡ ಕುಂತಿದ್ನಲ್ಲೋ ನಿನ್ನ ಸಲುವಾಗಿ,” ಎಂದಳು. ಸೆರಗಿನ ತುದಿ ಬಿಟ್ಟು, “ಆತ ಏಳಲಿ. ಎದ್ದ ಮ್ಯಾಲ ಬಾ. ನಾ ಎಲ್ಲಿ ಹೋಗ್ತೇನಿ, ಇಲ್ಲೇ ಇರ್ತೇನಿ,” ಎಂದಳು.

ನಾನು ಫೋನು ಕಸಿದುಕೊಂಡೆ, ಅಷ್ಟರಲ್ಲಿ ಲೈನು ಕಡಿದಿತ್ತು. ಬಸ್ಸು ಅವನನ್ನು ಬಿಟ್ಟು ಹೊರಟಿತು. ಆ ದಿನ ಅಮ್ಮನ ಮೇಲೆ ನನಗೆ ಬಂದ ಸಿಟ್ಟು ಇಂದಿಗೂ ಪೂರ್ತಿ ಹೋಗಿಲ್ಲ. ಬರೆಯುತ್ತಿರುವಾಗ ಸುಳ್ಳು ಏಕೆ ಹೇಳಲಿ? ಅವಳು ಹೇಳಿದ್ದು ಸರಿ ಎಂದು ಗೊತ್ತು. ಗೊತ್ತಿದ್ದರೂ ಕೆಲವು ದಿನ ಬೆಳಗ್ಗೆ ಎದ್ದಾಗ ಅವಳ ಮುಖ ನೋಡಲಾಗುವುದಿಲ್ಲ.

ಆಮೇಲಿನ ದಿನಗಳು ಕಾಯುವುದರಲ್ಲೇ ಹೋದವು. ಮೈನು ಕಳಿಸುವುದರಲ್ಲಿ ಒಳ್ಳೆಯ ಸುದ್ದಿಯೂ ಇರುತ್ತಿತ್ತು. ಹಾಜ್ ಇದ್ರೀಸರ ಜ್ವರ ಇಳಿಯಿತು. ಹಾಜ್ ಎದ್ದು ಕೂತರು. ಬಾಂಗಿನ ರೆಕಾರ್ಡಿನ ಕೊನೆಯಲ್ಲಿ ಒಮ್ಮೊಮ್ಮೆ ಅವರ ಕೆಮ್ಮು, ಅವರ ತಸಬಿಯ ದಪ್ಪ ಮಣಿಗಳ ಟಕ್ ಟಕ್ ಕೇಳುತ್ತಿತ್ತು. ಒಮ್ಮೆ ಅವರು ಏನೋ ಹೇಳಿ ನಕ್ಕರು. ಮೈನು ಅದನ್ನು ನಮಗೆ ಬಿಡಿಸಿ ಹೇಳಿದ. ನಿನ್ನ ಬಾಂಗ್ ಕೇಳಿದರೆ ದೇವರಿಗೂ ನೀನು ಪರದೇಶದವನೆಂದು ತಿಳಿದುಬಿಡುತ್ತದೆ ಎಂದರಂತೆ. ಅಮ್ಮ ನಕ್ಕಳು. “ಮುದುಕ ಛಲೋ ಅದಾನ. ಬರೋವಾಗ ಆತನ್ನೂ ಕರ್ಕೊಂಡು ಬಾ ಅನ್ನು. ಪುಂಡಿ ಹೂ ಎಷ್ಟು ಬೇಕಾದ್ರೂ ಕುದಿಸಿ ಕೊಡ್ತೇನಿ,” ಎಂದಳು. ಊರು ಬಿಡುವ ಒಂದು ಕುಟುಂಬದ ಗಾಡಿಯಲ್ಲಿ ಇಬ್ಬರೂ ಹೊರಡುವುದೆಂದು ಮಾತಾಗಿತ್ತು. ಬಾಂಗ್ ಕೇಳಿಯೇ ತಾನು ಉಣ್ಣುವ ವಿಷಯವನ್ನು ಮೈನು ಆ ಮುದುಕರಿಗೂ ತಿಳಿಸಿಬಿಟ್ಟಿದ್ದಾನೆಂದು ಅಮ್ಮ ಅವನ ಮೇಲೆ ಹುಸಿಮುನಿಸು ತೋರಿಸಿದಳು. “ಆತಗ್ಯಾಕ ಹೇಳ್ದಿ? ಏನಂದಾನು?” ಎಂದಳು. ಒಳಗೊಳಗೆ ಹಿಗ್ಗಿದ್ದಳು.

ಮಿರಗದ ಮಳೆಯ ಮೊದಲ ಹನಿ ಬಿದ್ದು ಶಾಲೆ ತೆರೆಯುವ ಹೊತ್ತಿಗೆ ಬಾಂಗ್ ಬರುವುದು ನಿಂತಿತು.

ನೆಟ್‌ವರ್ಕ್ ಹೋಗಿರಬೇಕು ಎಂದೆವು. ಹಿಂದೆಯೂ ಹೋದದ್ದುಂಟು. ಅಮ್ಮ ಸಂಜೆ ನೀರು, ಸುಜಾತಾಳ ‘ಔಷಧಿ’ಯ ಅರ್ಧ ಲೋಟ ಹಾಲು ಕುಡಿದು, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂರುವಳು. ಕೂತಲ್ಲೇ ತೂಕಡಿಸುವಳು. ಮುಲ್ಲಾ ಸಾಬರ ಮನೆಯ ಗಂಜಿ ಆರಿ ಕೆನೆಗಟ್ಟುತ್ತಿತ್ತು. ನಾನು ಶಾಲೆಯಲ್ಲಿ ಪಾಠದ ನಡುವೆ ಮಾತು ಮರೆತು ನಿಂತರೆ ಮಕ್ಕಳು ತಾವೇ ಸಾಲು ಓದಿ ಹೇಳುತ್ತಿದ್ದರು. ಸುಜಾತಾ ನನ್ನನ್ನು ಹೊರಗೆ ಕರೆದು, “ಇನ್ನ ಎರಡು ದಿನ ಹಿಂಗಾದ್ರ ದವಾಖಾನಿಗಿ ಒಯ್ಯೂನ್ರಿ, ಸಲೈನ್ ಹಚ್ಚೂನು. ಒಪ್ಪಲಿಲ್ಲಂದ್ರ ಎತ್ಕೊಂಡು ಒಯ್ಯೂದೇ,” ಎಂದಳು. ಅವಳ ಕಣ್ಣಲ್ಲೂ ನೀರಿತ್ತು.

ಆ ಬೆಳಗ್ಗೆ ಮೋಡ ಕಟ್ಟಿತ್ತು. ಗುಡಿಯ ಹಾಡು ಮುಗಿದಿತ್ತು. ಗೋಡೆಯಾಚೆ ಸುಜಾತಾ ವಂದನೆ ಹೇಳುತ್ತಿದ್ದಳು. ನಾನು ಹಾಲು ಕಾಸುತ್ತಿದ್ದೆ. ಅಮ್ಮನ ತೊಡೆಯ ಮೇಲೆ ಫೋನು ಟ್ರಿಣ್ ಎಂದಿತು. ಪರದೆಯ ಮೇಲೆ ಮೈನುವಿನ ಹೆಸರು.

“ಬಂತಲ್ಲ ಬೇ!” ಅಮ್ಮ ಎದ್ದು ನಿಂತೇಬಿಟ್ಟಳು. ಗೋಡೆ ಹಿಡಿದುಕೊಂಡು ಹೋಗಿ ಬಾಯಿ ಮುಕ್ಕಳಿಸಿ ಬಂದು, ಸೆರಗು ಹೊದ್ದು, ತಟ್ಟೆಯಿಂದ ಒಂದು ಖಜೂರ ಎತ್ತಿ ಬಲಗೈಯಲ್ಲಿ ಹಿಡಿದು ಕೂತಳು. ರಾತ್ರಿಯ ಬಾಂಗು ಬೆಳಗ್ಗೆ ಬಂದಿದೆ, ಬರಲಿ, ಬಂತಲ್ಲ. “ಹಚ್ಚು,” ಎಂದಳು. ಹಚ್ಚಿದೆ.

ಮೊದಲು ಗಾಳಿ. ಆಮೇಲೆ ‘ಅಲ್ಲಾಹು ಅಕ್ಬರ್’. ಅದು ಮೈನು ಅಲ್ಲ.

ಮುದಿ ದನಿ. ಮಾಳಿಗೆಯ ಮೇಲಿಂದ ಬಂದದ್ದಲ್ಲ, ಫೋನಿನ ಹತ್ತಿರವೇ ಕೂತು ಹೇಳುತ್ತಿದ್ದದ್ದು. ಒಂದು ಸಾಲು ಹೇಳಿ ಉಸಿರು ತೆಗೆದುಕೊಳ್ಳುವುದು, ನಡುವೆ ದನಿ ಒಡೆಯುವುದು, ಕೆಮ್ಮು, ಮತ್ತೆ ಅದೇ ಸಾಲನ್ನು ಮೊದಲಿಂದ ಎತ್ತಿಕೊಳ್ಳುವುದು. ಒಂದು ಕೋಣೆ ದಾಟುವ ಶಕ್ತಿಯೂ ಆ ದನಿಗೆ ಇರಲಿಲ್ಲ. ದಪ್ಪ ಮಣಿಗಳ ಟಕ್ ಟಕ್ ಕೇಳಿದಾಗ ಯಾರೆಂದು ನನಗೆ ತಿಳಿಯಿತು. ಅಮ್ಮನಿಗೆ ಅದಕ್ಕೂ ಮೊದಲೇ ತಿಳಿದಿತ್ತು. ಖಜೂರ ಹಿಡಿದ ಕೈ ಎದೆಯ ಹತ್ತಿರ ನಿಂತಿತ್ತು. ಆದರೂ ಅವಳು ನಿಲ್ಲಿಸು ಎನ್ನಲಿಲ್ಲ. ಬಾಂಗ್ ಕೇಳುವವರು ಅದರ ಒಂದೊಂದು ಸಾಲನ್ನೂ ಮೆಲ್ಲಗೆ ತಾವೂ ಹೇಳಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಅವಳ ತುಟಿ ಕೊನೆಯ ಸಾಲಿನವರೆಗೂ ಅಲುಗುತ್ತಿತ್ತು.

ಬಾಂಗ್ ಮುಗಿದ ಮೇಲೆ ಅವರು ಅರಬ್ಬಿಯಲ್ಲಿ ಮಾತಾಡಿದರು. ಮೈನು ಎಂದು ಹೇಳಿದ್ದು ಕೇಳಿಸಿತು. ಆಮೇಲೆ ‘ಇನ್ನಾ ಲಿಲ್ಲಾಹಿ’. ಸಾವಿನ ಸುದ್ದಿಗೆ ನಾವೆಲ್ಲ ಹೇಳುವ ಮಾತದು. ಅದರ ಅರ್ಥ ಕೇಳಲು ಯಾರ ಬಳಿಯೂ ಹೋಗಬೇಕಿರಲಿಲ್ಲ.

ಉಳಿದದ್ದನ್ನು ಸಂಜೆ ಅರಬ್ಬಿ ಬಲ್ಲ ಮುಲ್ಲಾ ಸಾಬ್ ಕೇಳಿ ಹೇಳಿದರು. ಬಾಂಗ್ ಕೊಟ್ಟು ಇಳಿದು, ಫೋನನ್ನು ಹಾಜ್ ಅವರ ಬಳಿ ಇಟ್ಟು, ಅವರಿಗೆ ನೀರು ತರಲು ಮೈನು ಬಾವಿಗೆ ಹೋಗಿದ್ದನಂತೆ. ಅಲ್ಲಿ ಶೆಲ್ ಬಿತ್ತು. ಓಣಿಯ ಹೆಂಗಸರೇ ಮಣ್ಣು ತೋಡಿ ಮಸೀದಿಯ ಹಿಂದೆ ಅವನನ್ನು ಮಣ್ಣು ಮಾಡಿದರು. ಆಮೇಲೆ ಹಾಜ್ ಅವರ ಮಾತು: ‘ಈ ಸದ್ದು ಕೇಳಿದ ಮೇಲೆಯೇ ನನ್ನ ತಾಯಿ ಉಣ್ಣುವುದು ಎಂದು ಅವನು ಹೇಳಿದ್ದ. ಫೋನು ಹತ್ತುವುದಕ್ಕೆ ಇಷ್ಟು ದಿನವಾಯಿತು. ನನ್ನ ದನಿ ಒಳ್ಳೆಯದಲ್ಲ ತಾಯಿ, ಮಾಫ್ ಮಾಡಬೇಕು.’ ಇಷ್ಟು ಹೇಳಿ ಮುಲ್ಲಾ ಸಾಬ್ ಕಣ್ಣೊರೆಸಿಕೊಂಡು ಎದ್ದುಹೋದರು.

ಆ ಬೆಳಗ್ಗೆ ನಾನು ಕಿರುಚಿದೆನಂತೆ. ಒಲೆಯ ಮೇಲೆ ಹಾಲು ಉಕ್ಕಿತು. ಸುಜಾತಾ ಓಡಿಬಂದು ನನ್ನ ಭುಜ ಹಿಡಿದುಕೊಂಡಳು. ಅಮ್ಮ ಮಾತ್ರ ಅಲುಗಲಿಲ್ಲ. ಕೈಯಲ್ಲಿದ್ದ ಖಜೂರವನ್ನು ನೋಡಿ, ಬಾಯಿಗಿಟ್ಟುಕೊಂಡು ಅಗಿಯಹತ್ತಿದಳು. ಸುಜಾತಾ ನೀರು ಹಿಡಿದಳು. ಅಮ್ಮ ನೀರು ಕುಡಿದು, ನುಂಗಿ, ಮತ್ತೊಂದು ಗುಟುಕು ಕುಡಿದಳು.

“ಅಮ್ಮಾ, ಹ್ಯಾಂಗ ತಿಂತಿ ನೀ?” ಎಂದು ನಾನು ಅತ್ತೆ.

“ಮುದುಕ ಕುಂತಲ್ಲೇ ಬಾಂಗ್ ಕೊಟ್ಟಾನ ಬೇ, ನನ್ನ ಸಲುವಾಗಿ. ಉಸಿರಿಲ್ಲ ಅವಗ. ನಾ ಉಣ್ಣಲಿಲ್ಲಂದ್ರ ಆತ ನಾಳೀಗೂ ಕೊಡ್ತಾನ.” ಬಾಯಿ ಒರೆಸಿಕೊಂಡು ಫೋನು ನನ್ನ ಕಡೆ ತಳ್ಳಿದಳು. “ಜವಾಬು ಕಳಸ್ಬೇಕು. ಹಿಡಿ.”

ಮೈನುವಿಗೆ ಅಷ್ಟು ದಿನ ಮಾತು ಕಳಿಸಿದಂತೆ, ಗುಂಡಿಯ ಮೇಲೆ ಬೆರಳು ಒತ್ತಿ ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದೆ. ಅಮ್ಮ ಒಮ್ಮೆ ಕೆಮ್ಮಿ ದನಿ ಸರಿಮಾಡಿಕೊಂಡಳು. ಹಾಜ್ ಅವರಿಗೆ ಕನ್ನಡ ತಿಳಿಯದೆಂದು ಆಗ ಇಬ್ಬರಿಗೂ ಹೊಳೆಯಲಿಲ್ಲ.

“ಬಾಬಾ, ನಾ ಮೈನುನ ತಾಯಿ ಮಾತಾಡಾಕತ್ತೇನಿ. ನಿಮ್ಮ ಬಾಂಗ್ ಕೇಳಿಸ್ತುರಿ. ಛಲೋ ಕೇಳಿಸ್ತು. ನಾ ರೋಜಾ ಬಿಟ್ಟೇನಿ. ಇನ್ನ ನೀವು ತ್ರಾಸ ತಗೋಬ್ಯಾಡ್ರಿ. ಕಾಲಿಗಿ ಔಷಧಿ ಹಚ್ಕೋರಿ. ನೀವೂ ಒಂದೀಟು ಏನಾರ ಉಣ್ರಿ.”

ನಾನು ಬೆರಳು ಎತ್ತಿದೆ.

“ಹೋತೇನು?” ಎಂದಳು.

“ಹೋತು.”

“ಇನ್ನ ಆತಗ ಏನೂ ಕೇಳಸಂಗಿಲ್ಲಲ್ಲ?”

“ಇಲ್ಲಮ್ಮಾ, ಕೇಳಸಂಗಿಲ್ಲ.”

ಆಗ ಅವಳು ಸೆರಗು ಕಿತ್ತೊಗೆದು, ನೆಲಕ್ಕೆ ಹಣೆ ಬಡಿದುಕೊಂಡು, ಮೈನುವಿನ ಹೆಸರು ಹಿಡಿದು ಕೂಗಿದಳು.